ಬೀದಿಗೆ ಇಳಿಬಿಟ್ಟ ಮೂಗು

2018ರ ಏಪ್ರಿಲ್ 28, ಶನಿವಾರ. ಬೆಲ್ಜಿಯಮ್ಮಿನ ಆಂಟ್‌ವರ್ಪ್ ನಗರದ ಒಂದು ಇಕ್ಕಟ್ಟು ಬೀದಿ, ಮೊದಲ ಮಹಡಿಯ ಕೋಣೆ. ಮನೆಯ ಅಜ್ಜಿ ಕುರ್ಚಿ ಹತ್ತಿ ನಿಂತಿದ್ದಾರೆ. ಕುರ್ಚಿ ಅಲುಗದಂತೆ ನೀವು ಹಿಡಿದುಕೊಂಡಿದ್ದೀರಿ. ಕೆಳಗೆ ಸಿಗ್ನಲ್ಲಿಗೆ ಕಾದಿರುವ ಕಾರುಗಳ ಸಾಲು, ನಡುವೆ ನಿಂತಲ್ಲೇ ಗುರುಗುಡುತ್ತಿರುವ ಡೀಸೆಲ್ ವ್ಯಾನು. ಅದರ ನಡುಕ ಕಿಟಕಿಯ ಗಾಜಿಗೂ ಬಂದಿದೆ, ಬೆರಳಿಟ್ಟರೆ ಗೊತ್ತಾಗುತ್ತದೆ.

ಮೇಜಿನ ಮೇಲೆ ಬಿಚ್ಚಿದ ರಟ್ಟಿನ ಪೆಟ್ಟಿಗೆ. ಅದರಲ್ಲಿ ಬಂದದ್ದು ಎರಡಾಗಿ ಮಡಚಿ ಕಿಟಕಿಯ ಹೊರಗೆ ಕಟ್ಟುವ ಒಂದು ಬೋರ್ಡು, ‘ಮನೆ ಮಾರಾಟಕ್ಕಿದೆ’ ಎಂದು ಈ ಊರಿನಲ್ಲಿ ತೂಗುಹಾಕುತ್ತಾರಲ್ಲ, ಅಂಥದ್ದು. ಜೊತೆಗೆ ಎರಡು ಪ್ಲಾಸ್ಟಿಕ್ ಕೊಳವೆ. ಒಂದನ್ನು ಅಂಗೈಯಲ್ಲಿಟ್ಟು ನೋಡಿ. ಉದ್ದ ಏಳು ಸೆಂಟಿಮೀಟರ್, ತೂಕ ಇದೆಯೋ ಇಲ್ಲವೋ ಎನ್ನುವಷ್ಟು. ಬ್ಯಾಟರಿಯಿಲ್ಲ, ವೈರಿಲ್ಲ, ಮಿನುಗುವ ದೀಪವಿಲ್ಲ. ಒಬ್ಬೊಬ್ಬ ಮನುಷ್ಯ ಉಸಿರಾಡುವ ಗಾಳಿಯನ್ನು ಅಳೆಯಲೆಂದು ನ್ಯೂಯಾರ್ಕಿನ ಎಡ್ವರ್ಡ್ ಪಾಮ್ಸ್ ಮತ್ತು ಸಂಗಡಿಗರು 1976ರಲ್ಲಿ ಪ್ರಕಟಿಸಿದ ಉಪಾಯ ಇದು.

ಮುಚ್ಚಿದ ತುದಿಯೊಳಗೆ ಸಣ್ಣ ಲೋಹದ ಜಾಲರಿ ಇದೆ, ಅದಕ್ಕೆ ಟ್ರೈಎಥನಾಲಮೈನ್ ಎಂಬ ರಾಸಾಯನಿಕ ಸವರಿದ್ದಾರೆ. ಕೆಳಗಿನ ಮುಚ್ಚಳ ತೆಗೆದು ತೂಗಿಬಿಟ್ಟರೆ ಸಾಕು, ಬೀದಿಯ ನೈಟ್ರೋಜನ್ ಡೈಆಕ್ಸೈಡ್ ಅಣುಗಳು ತಾವಾಗಿಯೇ ಕೊಳವೆಯೊಳಗೆ ಮೇಲೇರಿ ಜಾಲರಿಗೆ ಅಂಟಿಕೊಳ್ಳುತ್ತವೆ. ಆಮೇಲೆ ಪ್ರಯೋಗಾಲಯದಲ್ಲಿ ಅದಕ್ಕೊಂದು ದ್ರಾವಣ ಹಾಕಿದಾಗ ಗುಲಾಬಿ ಬಣ್ಣ ಏಳುತ್ತದೆ. ಬಣ್ಣ ಎಷ್ಟು ಗಾಢವೋ ಆ ಬೀದಿಯ ಗಾಳಿ ಅಷ್ಟು ಕೆಟ್ಟದ್ದು.

“ಗಂಟೆ ಎಷ್ಟಾಯಿತು?” ಅಜ್ಜಿಯ ಕೈಯಲ್ಲಿ ಮುಚ್ಚಳ.

“ಹತ್ತು ಹನ್ನೆರಡು.”

“ಬರೆದುಕೊಳ್ಳಿ, ಬರೆದುಕೊಳ್ಳಿ.”

ಬರೆದುಕೊಳ್ಳುತ್ತೀರಿ. ಕೊಳವೆ ಎಷ್ಟು ಹೊತ್ತು ತೆರೆದಿತ್ತು ಎಂಬುದು ತಿಳಿಯದಿದ್ದರೆ ಬಣ್ಣದಿಂದ ಲೆಕ್ಕ ತೆಗೆಯಲಾಗದು. ಎರಡನೆಯ ಕೊಳವೆಯೂ ಪಕ್ಕದಲ್ಲೇ ತೂಗುತ್ತದೆ. ಎರಡೂ ಒಂದೇ ಮಾತು ಹೇಳಿದರೆ ಆ ಮಾತನ್ನು ನಂಬಬಹುದು.

ಈಗ ಕಿಟಕಿಯಿಂದ ಬಗ್ಗಿ ನೋಡಿ. ಎದುರು ಮನೆಯಲ್ಲೂ ಅದೇ ಬೋರ್ಡು, ತಿರುವಿನ ಮನೆಯಲ್ಲೂ. ಫ್ಲಾಂಡರ್ಸ್ ಪ್ರದೇಶದುದ್ದಕ್ಕೂ ಇಂಥ ಸುಮಾರು 20,000 ಕಿಟಕಿಗಳು. ಆಂಟ್‌ವರ್ಪ್ ವಿಶ್ವವಿದ್ಯಾಲಯ, ‘ಡೆ ಸ್ಟಾಂಡಾರ್ಡ್’ ಪತ್ರಿಕೆ ಮತ್ತು ಅಲ್ಲಿನ ಸರ್ಕಾರಿ ಪರಿಸರ ಸಂಸ್ಥೆ ಸೇರಿ ನಡೆಸಿದ ಈ ಕೆಲಸದ ಹೆಸರು ‘ಕ್ಯೂರಿಯೋಜೆನೋಜೆನ್’. ಅಕ್ಷರಶಃ ಕುತೂಹಲದ ಮೂಗುಗಳು, ಅಂದರೆ ಕಂಡದ್ದಕ್ಕೆಲ್ಲ ಮೂಗು ತೂರಿಸುವವರು. ನಮ್ಮಲ್ಲೂ ಅದು ಬೈಗುಳವೇ ತಾನೆ? ಇಲ್ಲಿಯವರು ಅದನ್ನು ಹೆಮ್ಮೆಯಿಂದ ಕಿಟಕಿಗೆ ಕಟ್ಟಿಕೊಂಡಿದ್ದಾರೆ. ನನಗೆ ಈ ಹೆಸರು ತುಂಬ ಇಷ್ಟ. ತಾನು ಉಸಿರಾಡುವ ಗಾಳಿಯ ವಿಷಯದಲ್ಲಿ ಮೂಗು ತೂರಿಸುವ ಹಕ್ಕು ಮೂಗಿಗಲ್ಲದೆ ಇನ್ನಾವುದಕ್ಕಿದೆ?

ಮೂಗೊಂದನ್ನೇ ನಂಬಿದರೆ ಆಗದು. ಉಸಿರೆಳೆದು ನೋಡಿ: ಕೆಳಗಿನ ಬೇಕರಿಯ ಬ್ರೆಡ್ಡಿನ ಘಮ, ಒಂದಿಷ್ಟು ಹೊಗೆ, ಅಷ್ಟೇ. ಬೀದಿಯಲ್ಲಿರುವ ಮಟ್ಟದ ನೈಟ್ರೋಜನ್ ಡೈಆಕ್ಸೈಡ್‌ನ ವಾಸನೆಯೇ ತಿಳಿಯುವುದಿಲ್ಲ. ಶ್ವಾಸನಾಳಕ್ಕೆ ಮಾತ್ರ ಅದು ಗೊತ್ತು, ಉಬ್ಬಸದ ಮಕ್ಕಳ ಶ್ವಾಸನಾಳಕ್ಕೆ ಇನ್ನೂ ಚೆನ್ನಾಗಿ. ನಗರದಲ್ಲಿ ಇದರ ದೊಡ್ಡ ಮೂಲ ಡೀಸೆಲ್ ಎಂಜಿನ್. ಪರೀಕ್ಷೆಯ ಹೊತ್ತಿನಲ್ಲಷ್ಟೇ ಹೊಗೆ ತಗ್ಗಿಸುವ ಸಾಫ್ಟ್‌ವೇರನ್ನು ಫೋಕ್ಸ್‌ವ್ಯಾಗನ್ ತನ್ನ ಡೀಸೆಲ್ ಕಾರುಗಳಲ್ಲಿ ಅಡಗಿಸಿದ್ದು ಬಯಲಾಗಿ ಆಗಿನ್ನೂ ಮೂರು ವರ್ಷ ತುಂಬಿರಲಿಲ್ಲ. ಪ್ರಮಾಣಪತ್ರದ ಅಂಕಿಗೂ ಬೀದಿಯ ಗಾಳಿಗೂ ತಾಳೆಯಿಲ್ಲ ಎಂದು ಜನಕ್ಕೆ ಆಗಲೇ ತಿಳಿದಿತ್ತು. ಹಾಗಾದರೆ ನಮ್ಮ ಬೀದಿಯಲ್ಲಿ ಎಷ್ಟು? ಸರ್ಕಾರದ ಅಳತೆ ಕೇಂದ್ರಗಳು ನಿಖರ, ಆದರೆ ಅವು ಇರುವುದು ಅಲ್ಲೊಂದು ಇಲ್ಲೊಂದು. ಬೀದಿಬೀದಿಗೂ ಅವನ್ನು ಕೂರಿಸಲಾಗದು. ಕೊಳವೆಯನ್ನು ಕೂರಿಸಬಹುದು. ಕೆಲವು ಕೊಳವೆಗಳನ್ನು ಆ ಕೇಂದ್ರಗಳ ಪಕ್ಕದಲ್ಲೇ ತೂಗುಹಾಕಿ, ದುಬಾರಿ ಯಂತ್ರದ ಅಂಕಿಯೊಂದಿಗೆ ಹೋಲಿಸಿ, ಉಳಿದವುಗಳ ಲೆಕ್ಕವನ್ನು ತಿದ್ದುತ್ತಾರೆ.

ಕೊಳವೆಗೆ ಮಿತಿಯಿದೆ. ಯಾವ ದಿನ, ಯಾವ ಗಂಟೆ ಕೆಟ್ಟದ್ದು ಎಂದು ಅದು ಹೇಳದು, ನಾಲ್ಕು ವಾರದ ಸರಾಸರಿ ಮಾತ್ರ ಹೇಳುತ್ತದೆ.

ವಾರಗಳು ಸರಿಯುತ್ತವೆ. ಮಳೆ ಬರುತ್ತದೆ, ಬಿಸಿಲು ಬರುತ್ತದೆ. ಆ ವಸಂತದಲ್ಲಿ ಬ್ರಸೆಲ್ಸಿನಿಂದ ಶುರುವಾಗಿ ಬೇರೆ ಊರುಗಳಿಗೂ ಹಬ್ಬಿದ ಇನ್ನೊಂದು ದೃಶ್ಯವಿದೆ: ಮಕ್ಕಳಿಗೆ ಒಳ್ಳೆಯ ಗಾಳಿ ಬೇಕೆಂದು ಶುಕ್ರವಾರ ಬೆಳಿಗ್ಗೆ ಅಪ್ಪ ಅಮ್ಮಂದಿರು ಅವರೊಡನೆ ಶಾಲೆಯ ಮುಂದಿನ ರಸ್ತೆಗೇ ಇಳಿದು, ಕಾರು ತಡೆದು, ನಿಂತು ಕಾಫಿ ಕುಡಿಯುತ್ತಾರೆ. ಮೇ 26ಕ್ಕೆ ಅಜ್ಜಿ ಮತ್ತೆ ಕುರ್ಚಿ ಹತ್ತುತ್ತಾರೆ. ಮುಚ್ಚಳ ಬೀಳುತ್ತದೆ, ಗಂಟೆ ಬರೆಯಲಾಗುತ್ತದೆ, ಕೊಳವೆಗಳು ಪ್ರಯೋಗಾಲಯಕ್ಕೆ ಹೊರಡುತ್ತವೆ.

ಸೆಪ್ಟೆಂಬರ್. ಅದೇ ಕೋಣೆ, ಅದೇ ಮೇಜು. ನಕ್ಷೆಯ ಮೇಲೆ ಬಣ್ಣಬಣ್ಣದ ಸಾವಿರಾರು ಚುಕ್ಕೆಗಳು. ಕನ್ನಡಕ ಏರಿಸಿ ಅಜ್ಜಿ ತಮ್ಮ ಚುಕ್ಕೆ ಹುಡುಕುತ್ತಾರೆ, ಸಿಕ್ಕಿತು, ಕೆಂಪು. ಅವರ ಬೆರಳು ಪಕ್ಕದ ಬೀದಿಗೆ ಜರುಗುತ್ತದೆ. ಅಲ್ಲಿನ ಚುಕ್ಕೆಗೆ ತಿಳಿಬಣ್ಣ. ಮತ್ತೆ ತಮ್ಮದಕ್ಕೆ, ಮತ್ತೆ ಪಕ್ಕಕ್ಕೆ. ನಡುವೆ ಇರುವುದು ನೂರು ಹೆಜ್ಜೆ. ಎರಡೂ ಬದಿ ಎತ್ತರದ ಮನೆಗಳು ಒತ್ತೊತ್ತಾಗಿ ನಿಂತು, ನಡುವೆ ವಾಹನಗಳು ನಿಂತು ನಿಂತು ಸಾಗುವ ಬೀದಿಯಲ್ಲಿ ಹೊಗೆ ಹೊರಹೋಗದೆ ಕೊರಕಲಿನೊಳಗಿನ ನೀರಿನಂತೆ ತಂಗುತ್ತದೆ. ಯುರೋಪಿನ ಅಂದಿನ ಮಿತಿ ಘನಮೀಟರಿಗೆ ವರ್ಷದ ಸರಾಸರಿ 40 ಮೈಕ್ರೋಗ್ರಾಂ. ನಮ್ಮ ದೇಶದ ವಸತಿ ಪ್ರದೇಶಗಳಿಗೂ ಅಷ್ಟೇ ಮಿತಿ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ತಾನು ಶಿಫಾರಸು ಮಾಡುವ ಮಟ್ಟವನ್ನು 10ಕ್ಕೆ ಇಳಿಸಲಿದೆ. ಅದು ಈ ಕೋಣೆಯಲ್ಲಿ ಇನ್ನೂ ಯಾರಿಗೂ ತಿಳಿಯದು.

ಬಾಗಿಲಲ್ಲಿ ಮೊಮ್ಮಗಳು ಶಾಲೆಯ ಚೀಲ ಹೊತ್ತು ನಿಂತಿದ್ದಾಳೆ. ಅಜ್ಜಿ ಕೋಟು ಹಾಕಿಕೊಳ್ಳುತ್ತಾರೆ, ನೀವೂ ಹಿಂದೆಯೇ ಮೆಟ್ಟಿಲಿಳಿಯುತ್ತೀರಿ. ಹುಡುಗಿ ಅಭ್ಯಾಸದಂತೆ ಸಿಗ್ನಲ್ಲಿನ ಕಡೆ ಓಡುತ್ತಾಳೆ. ಅಜ್ಜಿ ಅವಳ ಚೀಲದ ಪಟ್ಟಿ ಹಿಡಿದು ನಿಲ್ಲಿಸಿ, ಎಡಕ್ಕೆ, ಪಕ್ಕದ ಬೀದಿಯ ಕಡೆ ತಿರುಗಿಸುತ್ತಾರೆ.