ರೇಷ್ಮೆಯ ಸೀಮೆಯಲ್ಲಿ ರೋಗದ ಕಾವಲು

ಮಾಗಡಿ, ಚನ್ನಪಟ್ಟಣ, ಕನಕಪುರ, ರಾಮನಗರಗಳ ಕಡೆ ಸಂಚರಿಸುವವರು ಅಲ್ಲಿಯ ಹೆಬ್ಬಂಡೆಗಳನ್ನು ಕಂಡು ಬೆರಗಾಗುವುದುಂಟು. ನಾವಾದರೋ ಈ ಸಲ ಬಂಡೆಗಳನ್ನು ಬಿಟ್ಟು, ಹಿಪ್ಪುನೇರಳೆಯ ತೋಟಗಳನ್ನೂ ಹುಳುಮನೆಗಳನ್ನೂ ನೋಡುತ್ತ ಹೋದೆವು. ರೋಗವು ಬರುವುದಕ್ಕೆ ಮೊದಲೇ ಅದಕ್ಕೆ ಕಾವಲಿಡುವ ಬಗೆಯನ್ನು ಇಲ್ಲಿಯ ಒಕ್ಕಲು ಮಕ್ಕಳಿಂದ ಕಲಿಯಬಹುದಾಗಿದೆ.

ಮಾಗಡಿಯ ಸೀಮೆಯಲ್ಲಿ ಮೈಸೂರು ತಳಿಯ ಬಿತ್ತನೆ ಗೂಡನ್ನು ಬೆಳೆಯುವರು. ಗೂಡಿನಿಂದ ಹೊರಬಂದ ಚಿಟ್ಟೆಯು ಮೊಟ್ಟೆಯಿಟ್ಟ ಮೇಲೆ, ಬಿತ್ತನೆ ಕೋಠಿಗಳಲ್ಲಿ ಆ ತಾಯಿಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವರು. ಗಂಟುರೋಗದ ಕಣಗಳು ಕಂಡವೆಂದರೆ ಅದರ ಮೊಟ್ಟೆಗಳನ್ನು ನಾಶಪಡಿಸುವರು. ಈ ರೋಗವು ತಾಯಿಯಿಂದ ಮೊಟ್ಟೆಗೇ ಇಳಿಯತಕ್ಕದ್ದು. ಫ್ರಾನ್ಸಿನ ರೇಷ್ಮೆಯ ಕಸುಬು ಇದೇ ಪಿಡುಗಿನಿಂದ ಹಾಳಾಗುತ್ತಿದ್ದಾಗ, 1865ರಿಂದ ವರ್ಷಗಟ್ಟಲೆ ಶ್ರಮಿಸಿ ಲೂಯಿ ಪ್ಯಾಸ್ಚರನು ತೋರಿಸಿಕೊಟ್ಟ ದಾರಿಯಿದು. ಅಲ್ಲಿಂದ ನಾವು ಬಂದ ಚನ್ನಪಟ್ಟಣವು ಬೊಂಬೆಗಳಿಗೆ ಹೆಸರಾದ ಊರು. ಆದರೆ ಮೈಸೂರು ಸರ್ಕಾರವು ಇಟಲಿಯ ತಜ್ಞ ವಾಷಿಂಗ್ಟನ್ ಮಾರಿಯವರನ್ನು ಕರೆಸಿ, 1914ರ ಸುಮಾರಿನಲ್ಲಿ ಸರ್ಕಾರಿ ರೇಷ್ಮೆ ತೋಟವನ್ನು ಹೂಡಿದ್ದೂ ಇಲ್ಲಿಯೇ.

ಕನಕಪುರದ ಕಡೆಯ ಹಳ್ಳಿಯೊಂದರಲ್ಲಿ ಮನೆಯೊಡತಿಯು ನಮ್ಮನ್ನು ಹೊಸ್ತಿಲಲ್ಲೇ ತಡೆದರು. “ಕೈಕಾಲು ತೊಳ್ಕೊಂಡು ಬನ್ನಿ ಸ್ವಾಮಿ, ಹುಳ ಜ್ವರಕ್ಕೆ ಕೂತವೆ” ಎಂದರು. ಹುಳು ಪೊರೆ ಕಳಚುವ ಕಾಲವನ್ನು ಇವರು ಜ್ವರವೆನ್ನುವರು. ಆಗ ತಟ್ಟೆಗಳ ಮೇಲೆ ಸುಣ್ಣದ ಪುಡಿಯನ್ನು ಉದುರಿಸುವರು. ಸತ್ತ ಹುಳುವನ್ನು ಕಡ್ಡಿಯಿಂದ ಆರಿಸಿ ದೂರದಲ್ಲಿ ಹೂಳುವರು. “ಪಕ್ಕದ ಮನೆಯವರು ರೋಗದ ಹುಳಾನ ತಿಪ್ಪೆಗೆ ಎಸೆದರೆ ನಮ್ಮ ಬೆಳೆಯೂ ಹೋಯ್ತು, ಸಾಲ ಮಾತ್ರ ಉಳೀತದೆ” ಎಂದು ಆಕೆ ಹೇಳಿದ ಮಾತಿನಲ್ಲಿ ಅತಿಶಯವಿಲ್ಲ. ಕಿಟಕಿಗಳಿಗೆಲ್ಲ ಪರದೆಯಿತ್ತು. 1980ರಲ್ಲಿ ಪಶ್ಚಿಮ ಬಂಗಾಳದ ಗೂಡುಗಳೊಡನೆ ಊಜಿ ನೊಣವು ಕರ್ನಾಟಕವನ್ನು ಹೊಕ್ಕಿತು. ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಅದರೊಳಗೇ ತನ್ನ ಮರಿಯನ್ನು ಬೆಳೆಸುವ ಶತ್ರುವಿದು. ಅಂದಿನಿಂದ ಪರದೆಯಿಲ್ಲದ ಹುಳುಮನೆಯೆಂದರೆ ಬಾಗಿಲಿಲ್ಲದ ಕಣಜವೇ ಸರಿ.

ಕಡೆಗೆ ರಾಮನಗರದ ಮಾರುಕಟ್ಟೆಯಲ್ಲಿ ಹಲವು ಊರುಗಳ ಗೂಡು ಒಂದೆಡೆ ರಾಶಿಬಿದ್ದುದನ್ನು ಕಂಡೆವು. ಎಲ್ಲರ ಬೆಳೆಯೂ ಕೂಡುವ ದಾರಿಯಲ್ಲೇ ರೋಗವೂ ಸಂಚರಿಸಬಲ್ಲದು. ಮನುಷ್ಯರ ಸಂಗತಿಯೂ ಹಾಗೆಯೇ ಅಲ್ಲವೆ? 1898ರಲ್ಲಿ ಪ್ಲೇಗು ಬೆಂಗಳೂರಿಗೆ ಬಂದದ್ದು ರೈಲಿನ ಹಾದಿಯಲ್ಲಿ. 2020ರಲ್ಲಿ ಕೊರೋನಾ ಬಂದಾಗ ಕೈತೊಳೆಯುವುದನ್ನು ಲೋಕವೆಲ್ಲ ಹೊಸದಾಗಿ ಅಭ್ಯಾಸಮಾಡಬೇಕಾಯಿತು. ರಾಜ್ಯಗಳು ಔಷಧವನ್ನೂ ವೈದ್ಯರನ್ನೂ ಅಣಿಮಾಡಲಿ. ಆದರೆ ಕಾವಲು ಮೊದಲಾಗತಕ್ಕದ್ದು ಪ್ರತಿಯೊಂದು ಮನೆಯ ಹೊಸ್ತಿಲಲ್ಲಿ, ರೋಗದ ಸುಳಿವಿಲ್ಲದ ದಿನಗಳಲ್ಲಿಯೇ.