ಪಕ್ಕದ ಮನೆ ತಾರಸಿಯಿಂದ ಹತ್ತುವ ಹುಚ್ಚು

ಪಾರಿವಾಳ ಸಾಕಬೇಕೆಂದು ಮೊದಲೇ ಯೋಚಿಸಿ, ಮನೆಯವರನ್ನು ಒಪ್ಪಿಸಿ, ಖರ್ಚಿನ ಲೆಕ್ಕ ಹಾಕಿ ಶುರುಮಾಡಿದವರನ್ನು ನಾನು ಕಂಡಿಲ್ಲ. ನಾಯಿಯನ್ನು ಹಾಗೆ ತರುತ್ತಾರೆ, ಅಕ್ವೇರಿಯಮ್ಮನ್ನೂ ಹಾಗೇ ತರುತ್ತಾರೆ. ಪಾರಿವಾಳದ ಹುಚ್ಚು ಮಾತ್ರ ನೆಗಡಿಯ ಹಾಗೆ, ಹತ್ತಿರ ಇದ್ದವರಿಂದ ಹತ್ತುತ್ತದೆ. ಅಪ್ಪನಿಂದ ಮಗನಿಗೆ ಬರುವುದೂ ಕಡಿಮೆಯೇ. ಅಪ್ಪಂದಿರು ಸಾಮಾನ್ಯವಾಗಿ ಬೆತ್ತ ಹಿಡಿದ ಪಕ್ಷದವರು. ಅದು ಬರುವುದು ಪಕ್ಕದ ಮನೆಯ ಅಣ್ಣನಿಂದ, ಅವನ ತಾರಸಿಯಿಂದ.

ಬನಶಂಕರಿ ಎರಡನೇ ಹಂತದಲ್ಲಿ ಬೆಳೆದ ನನಗೆ ತಾರಸಿ ಎಂದರೆ ಹಪ್ಪಳ ಕಾಯುವ ಜಾಗ. ಕೈಯಲ್ಲೊಂದು ಕೋಲು, ಮುಂದೆ ಹಳೇ ಪಂಚೆಯ ಮೇಲೆ ಹಪ್ಪಳ, ತಲೆಯ ಮೇಲೆ ಯಾರಬ್ ನಗರದ ಕಡೆಯಿಂದ ಎದ್ದ ಪಾರಿವಾಳದ ಹಿಂಡು. ಜಯನಗರಕ್ಕೆ 1948ರಲ್ಲಿ ಅಡಿಗಲ್ಲು ಬಿದ್ದ ಮೇಲೆ ದಕ್ಷಿಣ ಬೆಂಗಳೂರು ಬ್ಲಾಕು, ಮೇನು, ಕ್ರಾಸು ಎಂದು ಗೆರೆ ಎಳೆದ ಹಾಗೆ ಬೆಳೆಯಿತು. ಗೆರೆಗಳ ನಡುವೆ ಯಡಿಯೂರು, ಸಾರಕ್ಕಿ, ಜರಗನಹಳ್ಳಿ, ತಾವರೆಕೆರೆಯಂಥ ಊರುಗಳು ಇದ್ದ ಹಾಗೇ ಉಳಿದವು. ತಿಲಕ್‌ನಗರ, ಗುರಪ್ಪನಪಾಳ್ಯದಂಥ ಒತ್ತೊತ್ತಾದ ಬಡಾವಣೆಗಳೂ ಸೇರಿಕೊಂಡವು. ಆಗ ನಾನು ನೋಡುತ್ತಿದ್ದ ಹಿಂಡುಗಳೆಲ್ಲ ಏಳುತ್ತಿದ್ದುದು ಇಂಥ ಕಡೆಗಳಿಂದಲೇ. ಸೈಟು ದೊಡ್ಡದಿದ್ದವರು ಗುಲಾಬಿ ಬೆಳೆಸಿದರು, ಸೈಟು ಚಿಕ್ಕದಿದ್ದವರು ಆಕಾಶದ ಕಡೆ ನೋಡಿದರು.

ಪಾರಿವಾಳದವರನ್ನು ಕಂಡಾಗೆಲ್ಲ “ನಿಮಗೆ ಇದು ಹೇಗೆ ಶುರುವಾಯಿತು?” ಎಂದು ಕೇಳುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ಹೆಚ್ಚಿನವರ ಉತ್ತರ, “ಒಂದು ಬಂದು ಕೂತಿತ್ತು ಸಾರ್.” ಮಳೆಗಾಲದ ಸಂಜೆ, ಸಜ್ಜದ ಮೇಲೆ ಸುಸ್ತಾದ ಒಂದು ಹಕ್ಕಿ. ಹುಡುಗ ಬಟ್ಟಲಲ್ಲಿ ನೀರಿಡುತ್ತಾನೆ. ಕಾಗೆ, ಗುಬ್ಬಚ್ಚಿಗಳು ಕೊಕ್ಕಿನ ತುಂಬ ನೀರು ತೆಗೆದುಕೊಂಡು ತಲೆ ಎತ್ತಿ ನುಂಗುವುದನ್ನು ಅವನು ನೋಡಿದ್ದಾನೆ. ಇದು ಕೊಕ್ಕನ್ನು ನೀರಿನಲ್ಲಿ ಅದ್ದಿ, ತಲೆ ಎತ್ತದೆ, ದನದ ಹಾಗೆ ಒಂದೇ ಉಸಿರಿಗೆ ಹೀರುತ್ತದೆ. ಹುಡುಗ ಕಣ್ಣು ಮಿಟುಕಿಸದೆ ನೋಡುತ್ತಾನೆ. ಕಾಲಿನಲ್ಲಿ ಬಳೆಯ ಹಾಗೆ ಏನೋ ಇದೆ, ಅದರ ಮೇಲೆ ನಂಬರು ಬೇರೆ. ಅಲ್ಲಿಗೆ ಅರ್ಧ ಕೆಲಸ ಮುಗಿಯಿತು.

ಇನ್ನು ಕೆಲವರು ನೌಕರಿಯ ಮೂಲಕ ಬಂದವರು. ಪಕ್ಕದ ತಾರಸಿಯ ಅಣ್ಣ ಕೂಗಿ ಕರೆಯುತ್ತಾನೆ: ನೀರು ತುಂಬಿಸು, ಹಿಕ್ಕೆ ಕೆರೆ, ಗಿಡುಗ ಕಂಡರೆ ಸಿಳ್ಳೆ ಹಾಕು. ಮನೆಯಲ್ಲಿ ಒಂದು ಲೋಟ ಎತ್ತಿಡದವನು ಅಲ್ಲಿ ಬೆಳಗಿನ ಜಾವ ಎದ್ದು ಗೂಡು ಗುಡಿಸುತ್ತಾನೆ. ಸಂಬಳವೆಂದರೆ ಜಾತಿ ಕೆಟ್ಟ ಜೋಡಿಯಲ್ಲಿ ಹುಟ್ಟಿದ ಒಂದು ಮರಿ. ಆ ಮರಿಯನ್ನು ಅಂಗಿಯೊಳಗೆ ಇಟ್ಟುಕೊಂಡು ತಂದು, ಸಾರಕ್ಕಿ ಮಾರ್ಕೆಟ್ಟಿನ ಟೊಮೇಟೊ ಡಬ್ಬದಲ್ಲಿ ಬಚ್ಚಿಟ್ಟವರೆಷ್ಟೋ ಜನ.

ಬಚ್ಚಿಟ್ಟದ್ದು ಎಷ್ಟು ದಿನ ಉಳಿದೀತು? ಗುಟುರು ಹಾಕುವ ಪ್ರಾಣಿ. ನಮ್ಮ ಕಡೆ ತಾಯಂದಿರ ತಕರಾರು ಸಿದ್ಧವಾಗಿಯೇ ಇರುತ್ತದೆ: ಪಾರಿವಾಳ ಸೇರಿದ ಮನೆ ಉದ್ಧಾರವಾಗುವುದಿಲ್ಲ. ಇದು ಅಜ್ಜಿಯರ ಕಟ್ಟುಕತೆ ಎಂದು ನಗುವ ಹಾಗಿಲ್ಲ. ಋಗ್ವೇದದ ಹತ್ತನೇ ಮಂಡಲದ 165ನೇ ಸೂಕ್ತವೇ ಕಪೋತವನ್ನು ನಿರ್ಋತಿಯ ದೂತ ಎಂದು ಕರೆದು, ಮನೆ ಹೊಕ್ಕ ಅದರಿಂದ ಕೇಡಾಗದಿರಲಿ ಎಂದು ಬೇಡಿಕೊಳ್ಳುತ್ತದೆ. ಭಾಗವತದ ಏಕಾದಶ ಸ್ಕಂಧದ ಅವಧೂತ ತನ್ನ ಇಪ್ಪತ್ತನಾಲ್ಕು ಗುರುಗಳಲ್ಲಿ ಪಾರಿವಾಳವನ್ನೂ ಸೇರಿಸಿಕೊಂಡಿದ್ದಾನೆ. ಹೆಂಡತಿ ಮಕ್ಕಳ ಮೋಹಕ್ಕೆ ಸಿಕ್ಕಿ ತಾನೂ ಬಲೆಗೆ ಬಿದ್ದ ಹಕ್ಕಿ ಅದು. ಅದೇ ರಸ್ತೆ ದಾಟಿ ಮುಸಲ್ಮಾನರ ಮನೆಗೆ ಹೋದರೆ ಪಾರಿವಾಳ ಬರಕತ್ತು ತರುವ ಹಕ್ಕಿ. ಪ್ರವಾದಿಯವರು ಅಡಗಿದ್ದ ಗುಹೆಯ ಬಾಯಲ್ಲಿ ಗೂಡು ಕಟ್ಟಿ ಬೆನ್ನಟ್ಟಿ ಬಂದವರ ದಿಕ್ಕು ತಪ್ಪಿಸಿದ ಹಕ್ಕಿ. ಆದರೆ ಬರಕತ್ತಿನ ಮನೆಗಳಲ್ಲೂ ಓದುವ ಹುಡುಗ ತಾರಸಿ ಹತ್ತಿದರೆ ಏಟು ಬೀಳುತ್ತಿದ್ದದ್ದು ಒಂದೇ ಥರ. ಬಿದ್ದು ಕಾಲು ಮುರಿದುಕೊಳ್ಳುತ್ತೀಯ ಎಂಬ ಅಮ್ಮನ ಭಯಕ್ಕೂ ಚರಿತ್ರೆಯ ಬೆಂಬಲವಿದೆ: ಬಾಬರನ ಅಪ್ಪ ಉಮರ್ ಶೇಖ್ ಮಿರ್ಜಾ 1494ರಲ್ಲಿ ಸತ್ತದ್ದು ಯುದ್ಧದಲ್ಲಲ್ಲ. ಅಖ್ಸಿ ಕೋಟೆಯಲ್ಲಿ ಅವನ ಪಾರಿವಾಳದ ಗೂಡು ಕಂದಕಕ್ಕೆ ಕುಸಿಯಿತು, ಹಕ್ಕಿಗಳ ಜೊತೆ ಅವನೂ ಹೋದ.

ಮರಿಮಗ ಅಕ್ಬರನಿಗೂ ಚಿಕ್ಕಂದಿನಲ್ಲಿ ಈ ಹುಚ್ಚಿತ್ತು. ದೊಡ್ಡವನಾದ ಮೇಲೆ, ತಿಳಿವಳಿಕೆ ಬಂದಿತೆಂದು, ಬಿಟ್ಟ. ಆಮೇಲೆ ಇನ್ನೂ ಚೆನ್ನಾಗಿ ಯೋಚಿಸಿ ಮತ್ತೆ ಹಿಡಿದ ಎಂದು ಅಬುಲ್ ಫಜಲ್ ‘ಐನೆ ಅಕ್ಬರಿ’ಯಲ್ಲಿ ದರ್ಬಾರಿನ ಗಾಂಭೀರ್ಯದಿಂದಲೇ ಬರೆಯುತ್ತಾನೆ. ಅರಮನೆಯಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಹಕ್ಕಿಗಳಿದ್ದವಂತೆ. ಮದುವೆಯಾದಾಗ ಬಿಟ್ಟು, ಮಗು ಸ್ಕೂಲಿಗೆ ಸೇರಿದ ಮೇಲೆ ಮತ್ತೆ ಗೂಡು ಕಟ್ಟಿಸಿದ ಜೆ.ಪಿ. ನಗರದ ಗೃಹಸ್ಥರು ಈ ವಾಕ್ಯವನ್ನು ಹೆಂಡತಿಗೆ ಓದಿ ಹೇಳಬಹುದು. ಲೆಕ್ಕಾಚಾರ ಹಾಕಿ ಶುರುಮಾಡಿದವನು, ನಾನು ಓದಿ ತಿಳಿದಂತೆ, ಚಾರ್ಲ್ಸ್ ಡಾರ್ವಿನ್ ಒಬ್ಬನೇ. ತಳಿಗಳು ಹೇಗೆ ಬದಲಾಗುತ್ತವೆಂದು ನೋಡಲಿಕ್ಕೆಂದೇ 1855ರಲ್ಲಿ ಪಾರಿವಾಳ ತಂದ. ಅವನೂ ನೆಟ್ಟಗೆ ಉಳಿಯಲಿಲ್ಲ. ಲಂಡನ್ನಿನ ಎರಡು ಪಾರಿವಾಳದ ಕ್ಲಬ್ಬುಗಳಿಗೆ ಸದಸ್ಯನಾದ. ನಾಲ್ಕು ವರ್ಷದ ಮೇಲೆ ಬಂದ ಅವನ ದೊಡ್ಡ ಪುಸ್ತಕದ ಮೊದಲ ಅಧ್ಯಾಯದಲ್ಲೇ ಪಾರಿವಾಳಗಳು ಬಂದು ಕೂತಿವೆ.

ಹಕ್ಕಿ ಬಂದು ಕೂತದ್ದಕ್ಕೇ ಹುಚ್ಚು ಪೂರ್ತಿ ಹಿಡಿಯುವುದಿಲ್ಲ. ಹಿಡಿಯುವುದು ಅದನ್ನು ಬಿಟ್ಟಾಗ.

ಹೊಸದಾಗಿ ಕೊಂಡು ತಂದ ದೊಡ್ಡ ಹಕ್ಕಿಯನ್ನು ಹಾಗೇ ಬಿಟ್ಟರೆ ನೇರ ಹಳೇ ಯಜಮಾನನ ತಾರಸಿಗೇ ಹೋಗುತ್ತದೆ. ಹೀಗೆ ಒಂದೇ ಹಕ್ಕಿಯನ್ನು ಮೂರು ಜನಕ್ಕೆ ಮಾರಿದ ಪ್ರತಿಭಾವಂತರೂ ಉಂಟು. ಅದಕ್ಕೇ ರೆಕ್ಕೆಯ ಗರಿಗಳಿಗೆ ಟೇಪು ಸುತ್ತಿ ತಾರಸಿಯಲ್ಲೇ ಓಡಾಡಿಸುತ್ತಾರೆ, ಜೋಡಿ ಕಟ್ಟುತ್ತಾರೆ. ಎರಡು ಮೊಟ್ಟೆ, ಹದಿನೇಳು ಹದಿನೆಂಟು ದಿನ ಕಾವು. ಬೆಳಗಿನ ಹೊತ್ತು ಏರಿದ ಮೇಲಿಂದ ಸಂಜೆಯ ಮುಂಚಿನವರೆಗೆ ಗಂಡಿನ ಪಾಳಿ, ಉಳಿದ ಹೊತ್ತೆಲ್ಲ ಹೆಣ್ಣಿನದು. ಮರಿಗೆ ಇಬ್ಬರೂ ಗಂಟಲ ಚೀಲದಿಂದ ಮೊಸರಿನಂಥ ಹಾಲು ಕಕ್ಕಿ ಉಣಿಸುತ್ತಾರೆ. ಮನೆ, ಸಂಸಾರ ಎರಡೂ ಇಲ್ಲೇ ಆದ ಮೇಲೆ ಟೇಪು ಬಿಚ್ಚುವ ದಿನ ಬರುತ್ತದೆ.

ಹಕ್ಕಿ ಹಿಡಿಯುವುದನ್ನು ಆ ಅಣ್ಣ ಹೇಳಿಕೊಟ್ಟಿರುತ್ತಾನೆ: ಕಾಲೆರಡನ್ನು ತೋರುಬೆರಳು, ನಡುಬೆರಳಿನ ಸಂದಿಯಲ್ಲಿ ಸಿಗಿಸಿ, ಹೆಬ್ಬೆರಳನ್ನು ರೆಕ್ಕೆಯ ತುದಿಗಳ ಮೇಲೆ ಇಡಬೇಕು, ಎದೆ ಅಂಗೈಯಲ್ಲಿ ಕೂರಬೇಕು. ಹಿಡಿದರೆ ಬಿಸಿ, ಅದರೊಳಗೆ ಡವಡವ. ಬಿಡುವ ಹೊತ್ತು ಸಂಜೆ, ಕಾಳು ಹಾಕುವ ಮುಂಚೆ, ಹೊಟ್ಟೆ ಹಸಿದಿರಬೇಕು. ಹಕ್ಕಿ ಪಟಪಟನೆ ಎದ್ದು ತೆಂಗಿನ ಮರ ದಾಟಿ ಹೋಗುತ್ತದೆ. ಒಂದು ಸುತ್ತು, ಇನ್ನೂ ದೊಡ್ಡದೊಂದು ಸುತ್ತು. ಆಮೇಲೆ ಕಾಣುವುದೇ ಇಲ್ಲ. ಹುಡುಗ ಡಬ್ಬದಲ್ಲಿ ಜೋಳ ಹಾಕಿ ಅಲ್ಲಾಡಿಸುತ್ತಾನೆ, ಸಿಳ್ಳೆ ಹಾಕುತ್ತಾನೆ, ದೇವರಿಗೆ ಹರಕೆ ಹೊರುತ್ತಾನೆ. ಕೆಳಗಿನಿಂದ ಅಮ್ಮ ಕರೆದರೆ ಕೇಳಿಸುವುದಿಲ್ಲ. ಕೊನೆಗೆ ಎದುರು ಮನೆಯ ನೀರಿನ ಟ್ಯಾಂಕಿನ ಮೇಲೆ ಬಂದು ಕೂರುತ್ತದೆ, ಕತ್ತು ಕೊಂಕಿಸಿ ನೋಡುತ್ತದೆ, ಬೇಕೆಂದೇ ತಡ ಮಾಡುತ್ತದೆ. ಆಮೇಲೆ ಒಂದೇ ಸಲ ಇಳಿದು, ಏನೂ ಆಗಿಲ್ಲವೆಂಬಂತೆ ಗೂಡಿನೊಳಗೆ ನಡೆದುಹೋಗುತ್ತದೆ. ಹುಡುಗ ಅವತ್ತಿಗೆ ಕೆಟ್ಟ.

ನಾಯಿಗೆ ಸರಪಳಿಯಿದೆ, ಮೀನಿಗೆ ಗಾಜಿದೆ, ಗಿಳಿಗೆ ಪಂಜರವಿದೆ (ನಮ್ಮ ಗಿಳಿಗಳನ್ನು ಸಾಕುವುದು ಕಾನೂನಿಗೆ ವಿರುದ್ಧ, ಅದು ಬೇರೆ ಮಾತು). ದಿನವೂ ಬಾಗಿಲು ತೆರೆದು, ಬೇಕಾದರೆ ಹೋಗು ಎಂದು ಬಿಟ್ಟುಕೊಟ್ಟು ಸಾಕುವುದು ಪಾರಿವಾಳವನ್ನು ಮಾತ್ರ. ಮನೆಯಲ್ಲಿ, ಸ್ಕೂಲಲ್ಲಿ ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳದ ಹುಡುಗನನ್ನು ಇಡೀ ಬೆಂಗಳೂರಿನ ತಾರಸಿಗಳ ನಡುವೆ ಹುಡುಕಿಕೊಂಡು ಒಂದು ಜೀವ ವಾಪಸು ಬರುತ್ತದೆಂದರೆ ಅದೇನು ಸಾಮಾನ್ಯವೇ? ಬಾಕ್ಸರ್ ಮೈಕ್ ಟೈಸನ್ ಜೀವನದಲ್ಲಿ ಮೊದಲ ಸಲ ಕೈ ಎತ್ತಿ ಹೊಡೆದದ್ದು ತನ್ನ ಪಾರಿವಾಳವನ್ನು ಕೊಂದ ಪುಂಡನಿಗೆ ಎಂದು ಅವನೇ ಹೇಳಿಕೊಂಡಿದ್ದಾನೆ. ಗುರಪ್ಪನಪಾಳ್ಯದ ಯಾವ ಹುಡುಗನಿಗೂ ಇದನ್ನು ವಿವರಿಸಬೇಕಾಗಿಲ್ಲ.

ರೇಸು ಆಮೇಲಿನ ಮಾತು. ಅದರಲ್ಲೂ ಎರಡು ಪಂಗಡ. ಒಂದು ಪಂಗಡಕ್ಕೆ ಹಕ್ಕಿ ಎಷ್ಟು ಹೊತ್ತು ಕೆಳಗಿಳಿಯದೆ ಮೇಲೆ ಆಡುತ್ತದೆ ಎನ್ನುವುದೇ ಮುಖ್ಯ. ಬೆಳಿಗ್ಗೆ ಬಿಟ್ಟದ್ದು ಸಂಜೆವರೆಗೂ ಚುಕ್ಕೆಯಾಗಿ ಸುತ್ತುತ್ತಿರಬೇಕು. ಇನ್ನೊಂದು ಹೋಮರ್‌ನವರದು, ಎಂದರೆ ದೂರ ಬಿಟ್ಟ ಹಕ್ಕಿ ಎಷ್ಟು ಬೇಗ ಮನೆ ಸೇರುತ್ತದೆ ಎಂದು ನೋಡುವವರದು, ಬೆಲ್ಜಿಯಮ್ಮಿನಲ್ಲಿ ಹತ್ತೊಂಬತ್ತನೇ ಶತಮಾನದಲ್ಲಿ ಬಲಿತ ಆಟ. ಮರಿ ಹುಟ್ಟಿ ವಾರ ಕಳೆಯುವಷ್ಟರಲ್ಲಿ ಬೆಸುಗೆಯಿಲ್ಲದ ರಿಂಗನ್ನು ಬೆರಳುಗಳ ಮೇಲಿಂದ ತೂರಿಸುತ್ತಾರೆ. ಕಾಲು ಬೆಳೆದ ಮೇಲೆ ಅದು ಹಾಕಲೂ ಬಾರದು, ತೆಗೆಯಲೂ ಬಾರದು. ಮಳೆ ಹಿಂದಾಗಿ ಚಳಿ ಹಿಡಿದ ಮೇಲೆ ತಾಲೀಮು. ಇಲ್ಲಿನವರಿಗೆ ಉತ್ತರದ ಹಾದಿ: ಮೊದಲು ದೇವನಹಳ್ಳಿ, ಆಮೇಲೆ ಚಿಕ್ಕಬಳ್ಳಾಪುರ, ಬಾಗೇಪಲ್ಲಿ, ಅನಂತಪುರ, ಹೀಗೆ ಬುಟ್ಟಿ ದೂರ ದೂರ ಹೋಗುತ್ತದೆ. ಹೈದರಾಬಾದು ಹಕ್ಕಿಯ ದಾರಿಯಲ್ಲಿ ಸುಮಾರು 500 ಕಿಲೋಮೀಟರ್. ಗಾಳಿ ಅಡ್ಡ ಬರದಿದ್ದರೆ ಅಲ್ಲಿ ಬೆಳಿಗ್ಗೆ ಆರೂವರೆಗೆ ಬಿಟ್ಟ ಒಳ್ಳೇ ಹಕ್ಕಿ ಮಧ್ಯಾಹ್ನ ಎರಡರ ಹೊತ್ತಿಗೆ ಇಲ್ಲಿರುತ್ತದೆ. ಸೂರ್ಯನನ್ನು ನೋಡಿ ಎನ್ನುತ್ತಾರೆ, ಭೂಮಿಯ ಅಯಸ್ಕಾಂತ ಎನ್ನುತ್ತಾರೆ, ವಾಸನೆ ಹಿಡಿದು ಎನ್ನುತ್ತಾರೆ. ಯಾವುದರ ಪಾಲು ಎಷ್ಟು ಎಂಬ ಜಗಳ ವಿಜ್ಞಾನಿಗಳಲ್ಲಿ ಇನ್ನೂ ಮುಗಿದಿಲ್ಲ.

ಗೆಲುವಿನ ಲೆಕ್ಕ ಚೆನ್ನಾಗಿದೆ. ಯಾರ ಹಕ್ಕಿ ಮೊದಲು ಬಂತು ಎಂದು ನೋಡುವುದಿಲ್ಲ. ಬಿಟ್ಟ ಜಾಗದಿಂದ ಆಯಾ ಗೂಡಿಗಿರುವ ದೂರವನ್ನು ಹಿಡಿದ ಸಮಯದಿಂದ ಭಾಗಿಸಿ, ನಿಮಿಷಕ್ಕೆ ಎಷ್ಟು ಮೀಟರ್ ಎಂದು ನೋಡುತ್ತಾರೆ. ಹೆಬ್ಬಾಳಕ್ಕಿಂತ ಜೆ.ಪಿ. ನಗರ ಹದಿನಾಲ್ಕು ಕಿಲೋಮೀಟರಿನಷ್ಟು ದಕ್ಷಿಣಕ್ಕಿದೆ. ಹೆಬ್ಬಾಳದ ಹಕ್ಕಿ ಮನೆ ಸೇರಿ ಹತ್ತು ನಿಮಿಷವಾದ ಮೇಲೆ ನಮ್ಮದು ಬಂದರೂ ನಮ್ಮದೇ ಗೆಲ್ಲಬಹುದು. ಆದರೆ ಆ ಹತ್ತು ನಿಮಿಷದಲ್ಲಿ ಇಡೀ ಊರನ್ನು, ಅದರ ಎಲ್ಲ ತಂತಿ, ಟವರು, ಹೊಗೆಯ ಮೇಲೆ ಹಾದು ಬರಬೇಕಾದದ್ದು ದಕ್ಷಿಣದ ಹಕ್ಕಿಯ ಹಣೆಬರಹ. ಕಾಯುವವರನ್ನು ಆ ಹೊತ್ತಿನಲ್ಲಿ ಮಾತನಾಡಿಸಬಾರದು. ಮಟಮಟ ಮಧ್ಯಾಹ್ನ ತಲೆಗೆ ಟವೆಲು ಕಟ್ಟಿ ಉತ್ತರ ದಿಕ್ಕಿಗೆ ಮುಖ ಮಾಡಿ ನಿಂತಿರುತ್ತಾರೆ, ಊಟ ತಣ್ಣಗಾಗಿರುತ್ತದೆ. ಹೋದದ್ದೆಲ್ಲ ಬರುವುದೂ ಇಲ್ಲ. ಗಿಡುಗ, ಹೈಟೆನ್ಷನ್ ತಂತಿ, ಗಾಳಿಪಟದ ಮಾಂಜಾ, ಮಧ್ಯದ ಊರಿನ ಯಾರದೋ ಬಲೆ. 2020ರಲ್ಲಿ ಬೆಲ್ಜಿಯಮ್ಮಿನ ನ್ಯೂ ಕಿಮ್ ಎಂಬ ಹೆಣ್ಣು ಹಕ್ಕಿ 16 ಲಕ್ಷ ಯೂರೋಗೆ, ಎಂದರೆ ಸುಮಾರು 14 ಕೋಟಿ ರೂಪಾಯಿಗೆ, ಹರಾಜಾಯಿತು. ಆ ಸುದ್ದಿ ತೋರಿಸಿ ಹೆಂಡತಿಯನ್ನು ಒಪ್ಪಿಸಲು ನೋಡಿದವರಿದ್ದಾರೆ. ದುಡ್ಡಿನಾಸೆಗೆ ಶುರುಮಾಡಿದವರು ಮಾತ್ರ ಎರಡು ಸೀಸನ್ನಿಗಿಂತ ಹೆಚ್ಚು ನಿಲ್ಲುವುದಿಲ್ಲ ಎಂಬುದು ನನ್ನ ಅಂದಾಜು.

ಈಗ ನಮ್ಮ ರಸ್ತೆಯ ಲೈಟುಕಂಬಗಳ ಮೇಲೆ ಪಾರಿವಾಳದ ಬಲೆ ಕಟ್ಟುವವರ ಫೋನ್ ನಂಬರುಗಳಿವೆ. ಬಿಟಿಎಂ ಲೇಔಟಿನಿಂದ ಬನಶಂಕರಿವರೆಗೆ ಹಳೇ ಮನೆ ಕೆಡವಿ ಎದ್ದ ಫ್ಲಾಟುಗಳಲ್ಲಿ ತಾರಸಿಗೆ ಬೀಗ, ಬೀಗದ ಕೈ ಅಸೋಸಿಯೇಷನ್ನಿನವರ ಹತ್ತಿರ. ಅವರ ದೂರು ಸುಳ್ಳಲ್ಲ. ಒಣಗಿದ ಹಿಕ್ಕೆಯ ಧೂಳು ವರ್ಷಗಟ್ಟಲೆ ಒಳಗೆ ಹೋದರೆ ಶ್ವಾಸಕೋಶ ಕೆಡುತ್ತದೆ ಎಂದು ವೈದ್ಯರು ಹೇಳುವುದು ನಿಜ. 2025ರಲ್ಲಿ ಮುಂಬೈಯ ದಾದರಿನಲ್ಲಿ ಜನ ಪಾರಿವಾಳಕ್ಕೆ ಕಾಳು ಹಾಕುತ್ತಿದ್ದ ಕಬೂತರ್‌ಖಾನಾವನ್ನು ಟಾರ್ಪಾಲು ಹೊದಿಸಿ ಮುಚ್ಚಿದ್ದೂ ಅದಕ್ಕೇ. ದಿನಾ ಗೂಡು ಕೆರೆಯುವ ಸಾಕಣೆದಾರರು ಮೂಗಿಗೆ ಬಟ್ಟೆ ಕಟ್ಟಿಕೊಳ್ಳುವುದನ್ನು ನೋಡಿದ್ದೇನೆ. ಪುಣ್ಯ ಬರಲಿ ಎಂದು ಸರ್ಕಲ್ಲಿನಲ್ಲಿ ಮೂಟೆಗಟ್ಟಲೆ ಜೋಳ ಸುರಿದು ಕಾರು ಹತ್ತಿ ಹೋಗುವವರಿಗೆ ಆ ಗೊಡವೆಯಿಲ್ಲ. ನನ್ನನ್ನು ಕೇಳಿದರೆ ನಿಲ್ಲಿಸಬೇಕಾದ್ದು ಆ ಸುರಿಯುವಿಕೆಯನ್ನು. ನಾಲ್ಕು ಜೋಡಿಯನ್ನು ಚೊಕ್ಕಟವಾಗಿ ಸಾಕುವವನನ್ನು ಅದರ ಜೊತೆ ಸೇರಿಸಿ ಓಡಿಸಬಾರದು. ಹೇಗೂ ಹುಡುಗರಿಗೆ ಪಕ್ಕದ ತಾರಸಿ ಕಾಣುವುದೇ ನಿಂತಮೇಲೆ ಈ ಹುಚ್ಚು ಹತ್ತುವ ದಾರಿಯೂ ಮುಚ್ಚುತ್ತಿದೆ.

ಇಷ್ಟಾದರೂ ಸೀಸನ್ನಿನಲ್ಲಿ ನಿಮ್ಮ ಬಾಲ್ಕನಿಗೆ ಒಂದು ಹಕ್ಕಿ ಬಂದು ಕೂರಬಹುದು, ಕಾಲಲ್ಲಿ ರಿಂಗು ಇರಬಹುದು. ಓಡಿಸಬೇಡಿ, ಹಿಡಿದು ರೆಕ್ಕೆ ಕತ್ತರಿಸಬೇಡಿ. ಕೊಕ್ಕು ಮುಳುಗುವಷ್ಟು ಆಳದ ಬಟ್ಟಲಲ್ಲಿ ನೀರಿಡಿ, ಒಂದು ಹಿಡಿ ಜೋಳವೋ ಬೇಯಿಸದ ಅಕ್ಕಿಯೋ ಹಾಕಿ, ಬೆಕ್ಕು ಬರದಂತೆ ನೋಡಿಕೊಳ್ಳಿ. ಗಾಯವಿಲ್ಲದಿದ್ದರೆ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಸುಧಾರಿಸಿಕೊಂಡು ತಾನೇ ಎದ್ದು ಹೋಗುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಅದು ನೀರು ಕುಡಿಯುವಾಗ ಕರೆದು ತೋರಿಸಿ. ಮುಂದಿನದಕ್ಕೆ ನಾನು ಜವಾಬ್ದಾರನಲ್ಲ.