ನಮ್ಮ ಮನೆಯ ಗೂಂಗಿ ಘೋಡಿ



ನಮ್ಮ ಕಾಲೇಜಿನ ಸೈಕಲ್ ಸ್ಟ್ಯಾಂಡಿನ ಕೊನೆಯಲ್ಲಿ ಬೇವಿನ ಮರದ ಕೆಳಗೆ ಒಂದು ನೀಲಿ ಬಣ್ಣದ ಎಲೆಕ್ಟ್ರಿಕ್ ಸ್ಕೂಟರ್ ನಿಂತಿರುತ್ತದೆ. ಮುಂದಿನ ಮಡ್‌ಗಾರ್ಡ್‌ಗೆ ಕರಿ ಟೇಪ್ ಸುತ್ತಿದೆ, ಹಿಂದೆ ಪ್ಲಾಸ್ಟಿಕ್ ಕ್ರೇಟ್ ಕಟ್ಟಿದೆ. ನೀವೆಲ್ಲ ನೋಡಿರುತ್ತೀರಿ. ಅದು ನನ್ನದು. ಪೂರ್ತಿ ನನ್ನದು ಎಂದರೆ ತಪ್ಪಾಗುತ್ತದೆ. ಬೆಳಿಗ್ಗೆ ಅದು ಅಬ್ಬಾನದು, ಹಗಲು ನನ್ನದು, ಸಂಜೆ ಅಮ್ಮಿಯದು.

ಅಬ್ಬಾ ರಾಮನಗರದ ಒಂದು ರೇಷ್ಮೆ ರೀಲಿಂಗ್ ಯೂನಿಟ್‌ನಲ್ಲಿ ಕೆಲಸ ಮಾಡುತ್ತಾರೆ. ಅಮ್ಮಿ ಮನೆಯಲ್ಲಿ ಈರುಳ್ಳಿ ಸಮೋಸ ಮಾಡುತ್ತಾರೆ. ಅದನ್ನು ಗೂಡಿನ ಮಾರುಕಟ್ಟೆಯ ಕಡೆಯ ಆರು ಟೀ ಅಂಗಡಿಗಳಿಗೆ ಕೊಟ್ಟು ಬರುವುದು ನನ್ನ ಕೆಲಸ. ಮೊದಲು ನಮ್ಮ ಹತ್ತಿರ ಹಳೆಯ ಮೊಪೆಡ್ ಇತ್ತು. ಅಬ್ಬಾನನ್ನು ಯೂನಿಟ್‌ಗೆ ಬಿಡುವುದು, ಕಾಲೇಜು, ಸಮೋಸ ಎಲ್ಲ ಸೇರಿ ದಿನಕ್ಕೆ 22 ಕಿಲೋಮೀಟರ್ ಆಗುತ್ತದೆ. ಮೊಪೆಡ್‌ನಲ್ಲಾದರೆ ಇದಕ್ಕೆ ಅರ್ಧ ಲೀಟರ್ ಪೆಟ್ರೋಲ್, ಅಂದರೆ ಐವತ್ತು ರೂಪಾಯಿಯ ಮೇಲೆ. ಅದೂ ಅಲ್ಲದೆ ನನಗೆ ಲೈಸೆನ್ಸ್ ವಯಸ್ಸು ಆಗಿರಲಿಲ್ಲ. ಹೀಗಾಗಿ ನನ್ನ ಎಸ್ಸೆಸ್ಸೆಲ್ಸಿ ಮುಗಿದ ರಜೆಯಲ್ಲಿ ಅಬ್ಬಾ ಮೊಪೆಡ್ ಮಾರಿ, ಅಮ್ಮಿಯ ಚೀಟಿ ದುಡ್ಡು ಸೇರಿಸಿ, 28,000 ರೂಪಾಯಿಗೆ ಒಂದು ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಸ್ಕೂಟರ್ ತಂದರು. ಮೋಟಾರ್ 250 ವ್ಯಾಟ್ ಒಳಗೆ, ವೇಗ ಗಂಟೆಗೆ 25 ಕಿಲೋಮೀಟರ್ ಒಳಗೆ ಇರುವ ಇಂಥ ಗಾಡಿಗೆ ಲೈಸೆನ್ಸ್ ಬೇಡ, ನಂಬರ್ ಪ್ಲೇಟೂ ಬೇಡ. ಹೆಲ್ಮೆಟ್ ಮಾತ್ರ ಬೇಕೇ ಬೇಕು ಎನ್ನುವುದು ಅಬ್ಬಾ ಹಾಕಿದ ಷರತ್ತು.

ಗಾಡಿ ಮನೆಗೆ ಬಂದ ದಿನ ದಾದಿ ಬಾಗಿಲಲ್ಲೇ ಕುಳಿತಿದ್ದರು. ನಾನು ಕೀ ತಿರುಗಿಸಿ, ಗಲ್ಲಿಯ ತುದಿಯವರೆಗೆ ಹೋಗಿ ವಾಪಸ್ ಬಂದು ಅವರ ಮುಂದೆ ನಿಲ್ಲಿಸಿದೆ. ದಾದಿ ನನ್ನನ್ನು ನೋಡಿದರು, ಗಾಡಿಯನ್ನು ನೋಡಿದರು. "ಆವಾಜ್ ಎಲ್ಲಿ?" ಎಂದರು. "ಇದಕ್ಕೆ ಆವಾಜ್ ಇಲ್ಲ ದಾದಿ" ಎಂದೆ. "ಹಾಗಾದರೆ ಇದು ಗೂಂಗಿ ಘೋಡಿ" ಎಂದು ಹೆಸರಿಟ್ಟೇಬಿಟ್ಟರು. ಗೂಂಗಿ ಘೋಡಿ ಎಂದರೆ ಮೂಕ ಕುದುರೆ. ಇವತ್ತಿಗೂ ನಮ್ಮ ಗಲ್ಲಿಯಲ್ಲಿ ಅದರ ಹೆಸರು ಅದೇ.

ಮೊದಲ ಕೆಲವು ತಿಂಗಳು ಬಹಳ ಖುಷಿಯ ತಿಂಗಳು. ಆಯಿಲ್ ಇಲ್ಲ, ಪ್ಲಗ್ ಕ್ಲೀನ್ ಮಾಡುವುದಿಲ್ಲ, ಕಿಕ್ ಹೊಡೆಯುವುದಿಲ್ಲ. ಫಜ್ರ್ ನಮಾಜ್ ಮುಗಿಸಿ ಅಬ್ಬಾನನ್ನು ಬಿಡಲು ಹೋಗುವಾಗ ಗಲ್ಲಿಯ ಒಂದು ನಾಯಿಯೂ ಏಳುತ್ತಿರಲಿಲ್ಲ. ತೊಂದರೆಗಳೂ ಇದ್ದವು. ಶಬ್ದ ಇಲ್ಲದ ಗಾಡಿ ಬಂದದ್ದು ಜನರಿಗೆ ಗೊತ್ತಾಗುವುದಿಲ್ಲ. ಜುಮಾ ದಿನ ಮಸೀದಿ ಬಿಟ್ಟಾಗ ಜನರ ನಡುವೆ ಹಾರ್ನ್ ಮೇಲೆ ಕೈ ಇಟ್ಟುಕೊಂಡೇ ಬರಬೇಕು. ಸ್ನೇಹಿತರು ಬೈಕಿನಲ್ಲಿ ಓವರ್‌ಟೇಕ್ ಮಾಡುತ್ತ "ಆಮೆ, ಆಮೆ" ಎಂದು ಕೂಗುತ್ತಿದ್ದರು. ಒಂದು ವೈರ್ ಕತ್ತರಿಸಿದರೆ ಸ್ಪೀಡ್ ಜಾಸ್ತಿಯಾಗುತ್ತದೆ ಎಂದು ಒಬ್ಬ ಆಸೆಯನ್ನೂ ತೋರಿಸಿದ. ಹಾಗೆ ಮಾಡಿದರೆ ಅದು ಕಾನೂನಿನ ಪ್ರಕಾರ ಬೇರೆ ಗಾಡಿಯೇ ಆಗುತ್ತದೆ. ಆಗ ಲೈಸೆನ್ಸ್, ನಂಬರ್, ಇನ್ಶೂರೆನ್ಸ್ ಮೂರೂ ಇಲ್ಲದೆ ಓಡಿಸಿದ ಹಾಗೆ. ನಾನು ಬೇಡ ಎಂದೆ. ನಿಜ ಹೇಳಬೇಕೆಂದರೆ ಎರಡು ದಿನ ಯೋಚನೆ ಮಾಡಿ ಆಮೇಲೆ ಬೇಡ ಎಂದೆ.

ಕರೆಂಟಿನ ಕಥೆ ಬೇರೆ. ನಾವಿರುವುದು ಮೊದಲನೇ ಮಹಡಿಯ ಬಾಡಿಗೆ ಮನೆ. ಕಿಟಕಿಯಿಂದ ಎಕ್ಸ್‌ಟೆನ್ಶನ್ ಬೋರ್ಡ್ ಇಳಿಬಿಟ್ಟು ಚಾರ್ಜ್ ಮಾಡುತ್ತಿದ್ದೆವು. ಒಂದು ರಾತ್ರಿ ಪ್ಲಗ್ ಕರಗಿ ವಾಸನೆ ಬಂತು. ಓನರ್ ಅಂಕಲ್ ಕೆಳಗಿನಿಂದ ಓಡಿ ಬಂದರು. ಅವರು ಕೋಪ ಮಾಡಿಕೊಂಡದ್ದರಲ್ಲಿ ತಪ್ಪಿಲ್ಲ, ಮನೆ ಅವರದು. ಎಲೆಕ್ಟ್ರಿಷಿಯನ್ ಬಂದು ಸಡಿಲವಾದ ಬೋರ್ಡ್ ಬಿಸಿಯಾಗಿ ಹೀಗಾಗಿದೆ ಎಂದು ಹೇಳಿ, ಮೆಟ್ಟಿಲ ಕೆಳಗೆ ನಮ್ಮ ಮೀಟರಿನಿಂದಲೇ ಬೇರೆ ಲೈನ್ ಎಳೆದು, ಎಂಸಿಬಿ ಹಾಕಿ ಕೊಟ್ಟ. ಮುಂದಿನ ತಿಂಗಳು ಬಿಲ್ ಬಂತು. ಗೃಹಜ್ಯೋತಿಯಲ್ಲಿ ಬಿಲ್ ಯಾಕೆ ಎಂದು ಅಮ್ಮಿ ಗಾಬರಿಯಾದರು. ಆ ಯೋಜನೆಯಲ್ಲಿ ಎಲ್ಲರಿಗೂ 200 ಯೂನಿಟ್ ಉಚಿತ ಎಂದು ನಾವು ತಿಳಿದಿದ್ದೆವು. ಆದರೆ ಪ್ರತಿ ಮನೆಯ ಹಿಂದಿನ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿ ಉಚಿತದ ಮಿತಿ ಹಾಕಿರುತ್ತಾರೆ. ನಮ್ಮದು ಚಿಕ್ಕ ಮನೆ, ಮಿತಿಯೂ ಚಿಕ್ಕದು. ಸ್ಕೂಟರ್ ತಿಂಗಳಿಗೆ 35 ಯೂನಿಟ್ ಆಸುಪಾಸು ಕುಡಿಯುತ್ತದೆ. ಮಿತಿ ದಾಟಿದ್ದಕ್ಕೆ ದುಡ್ಡು ಕಟ್ಟಬೇಕು. ಸುಮಾರು 200 ರೂಪಾಯಿ ಬರುತ್ತಿತ್ತು.

ನಾನು ಕಾಮರ್ಸ್ ವಿದ್ಯಾರ್ಥಿಯಲ್ಲವೇ? ನೋಟ್‌ಬುಕ್ ತೆಗೆದು ಲೆಕ್ಕ ಬರೆದೆ. ಮೊದಲು ಪೆಟ್ರೋಲಿಗೆ ತಿಂಗಳಿಗೆ 1,300 ರೂಪಾಯಿ. ಈಗ ಕರೆಂಟಿಗೆ 200 ರೂಪಾಯಿ. ಉಳಿತಾಯ 1,100 ರೂಪಾಯಿ. ಅಮ್ಮಿ ಪೆಟ್ರೋಲ್ ದುಡ್ಡನ್ನು ಹಿಂದಿನ ಹಾಗೆಯೇ ತೆಗೆದು ಸ್ಟೀಲ್ ಡಬ್ಬದಲ್ಲಿ ಹಾಕುತ್ತಿದ್ದರು, ಅದರಿಂದಲೇ ಕರೆಂಟ್ ಬಿಲ್ ಕಟ್ಟುತ್ತಿದ್ದರು. ಹತ್ತು ತಿಂಗಳಿಗೆ ಡಬ್ಬದಲ್ಲಿ 11,000 ರೂಪಾಯಿ ಕೂಡಿತು. ನಾನು ನೋಟ್‌ಬುಕ್ ತೋರಿಸಿ ವಾದ ಮಾಡಿದೆ. ಈ ದುಡ್ಡು ಗಾಡಿಯ ಲಾಭ, ಗಾಡಿ ಓಡಿಸುವವನು ನಾನು, ನನ್ನ ಫೋನ್ ಸ್ಕ್ರೀನ್ ಒಡೆದು ಒಂದು ವರ್ಷ ಆಯಿತು ಎಂದೆ. ಅಬ್ಬಾ ಏನೂ ಹೇಳಲಿಲ್ಲ. ಅಮ್ಮಿ ಡಬ್ಬ ಕೊಟ್ಟರು. 10,500 ರೂಪಾಯಿಯ ಹೊಸ ಫೋನ್ ಬಂತು.

ಮೂರು ವಾರ ಕಳೆಯಿತು. ಪ್ರಥಮ ಪಿಯುಸಿ ವಾರ್ಷಿಕ ಪರೀಕ್ಷೆ ನಡೆಯುತ್ತಿತ್ತು. ರಂಜಾನ್‌ಗೆ ಹತ್ತು ದಿನ ಇತ್ತು. ಕೆಲವು ದಿನಗಳಿಂದ ಚಾರ್ಜ್ ಬೇಗ ಖಾಲಿಯಾಗುತ್ತಿತ್ತು. ಮೊದಲು ಒಂದು ಚಾರ್ಜ್‌ಗೆ 40 ಕಿಲೋಮೀಟರ್ ಬರುತ್ತಿದ್ದದ್ದು 30 ಆಗಿ, 20 ಆಗಿತ್ತು. ಮೀಟರಿನಲ್ಲಿ ನಾಲ್ಕು ಗೆರೆ ತೋರಿಸುತ್ತದೆ, ಸ್ವಲ್ಪ ಏರು ಬಂದರೆ ಒಂದೇ ಗೆರೆ. ನಾನು ಪರೀಕ್ಷೆ ಮುಗಿಯಲಿ ನೋಡೋಣ ಎಂದುಕೊಂಡಿದ್ದೆ. ಬಿಸಿನೆಸ್ ಸ್ಟಡೀಸ್ ಪೇಪರ್ ದಿನ, ಕಾಲೇಜಿಗೆ ಎರಡು ಕಿಲೋಮೀಟರ್ ಇರುವಾಗ, ಗೂಂಗಿ ಘೋಡಿ ನಿಂತೇ ಹೋಯಿತು. ತಳ್ಳತೊಡಗಿದೆ. ಬ್ಯಾಟರಿ ಇರುವ ಗಾಡಿ ತಳ್ಳಿ ನೋಡಿ, ಅದರ ತೂಕ ಗೊತ್ತಾಗುತ್ತದೆ. ಒಬ್ಬ ಆಟೋ ಅಣ್ಣ ನಿಲ್ಲಿಸಿ, "ಹತ್ತು ಮೇಲೆ. ಹ್ಯಾಂಡಲ್ ನೆಟ್ಟಗೆ ಹಿಡ್ಕೊ, ಬ್ರೇಕ್ ಮುಟ್ಬೇಡ" ಎಂದರು. ಆಟೋದಿಂದ ಒಂದು ಕಾಲು ಚಾಚಿ ನನ್ನ ಗಾಡಿಗೆ ಇಟ್ಟು ಕಾಲೇಜಿನ ಗೇಟ್‌ವರೆಗೆ ತಳ್ಳಿಕೊಂಡು ಬಂದರು. ದುಡ್ಡು ಕೊಡಲು ಹೋದರೆ, "ಹೋಗಿ ಎಕ್ಸಾಮ್ ಬರಿ" ಎಂದು ಹೊರಟುಹೋದರು. ಹತ್ತು ನಿಮಿಷ ತಡವಾಗಿತ್ತು. ಒಳಗೆ ಬಿಟ್ಟ ಸರ್‌ಗೆ ಇಲ್ಲಿ ಧನ್ಯವಾದ ಹೇಳುತ್ತೇನೆ.

ಮಧ್ಯಾಹ್ನ ಮೆಕ್ಯಾನಿಕ್ ಅಣ್ಣನ ಹತ್ತಿರ ಹೋದೆ. ಸೀಟ್ ಕೆಳಗೆ ಲೆಡ್ ಆಸಿಡ್ ಬ್ಯಾಟರಿ ಐದು, ಒಂದರ ಹಿಂದೆ ಒಂದು ಜೋಡಿಸಿರುತ್ತದೆ. ಅವರು ಲೋಡ್ ಕೊಟ್ಟು ಒಂದೊಂದಕ್ಕೂ ಮೀಟರ್ ಇಟ್ಟು ನೋಡಿದರು. "ಒಂದು ಪೂರ್ತಿ ಹೋಗ್ಬಿಟ್ಟಿದೆ ತಮ್ಮಾ. ಉಳಿದ ನಾಲ್ಕೂ ಮುದುಕ ಆಗಿವೆ" ಎಂದರು. ಒಂದನ್ನೇ ಬದಲಾಯಿಸಬಹುದಲ್ಲ ಎಂದು ಕೇಳಿದೆ. ಹಳೆಯ ನಾಲ್ಕರ ಜೊತೆ ಹೊಸದು ಒಂದು ಹಾಕಿದರೆ ಹೊಂದುವುದಿಲ್ಲ, ಹೊಸದೂ ಬೇಗ ಹಾಳಾಗುತ್ತದೆ ಎಂದು ವಿವರಿಸಿದರು. ಲಿಥಿಯಂ ಹಾಕಿದರೆ ಹಗುರ, ಬಾಳಿಕೆಯೂ ಹೆಚ್ಚು. ಆದರೆ ಬೆಲೆ ಬಹಳ ಹೆಚ್ಚು, ಚಾರ್ಜರ್ ಕೂಡ ಬೇರೆ ಬೇಕು. ಲೆಡ್ ಆಸಿಡ್ ಸೆಟ್ 13,500 ರೂಪಾಯಿ, ಹಳೆಯ ಬ್ಯಾಟರಿ ಗುಜರಿಗೆ 1,500 ರೂಪಾಯಿ ಕಳೆದು 12,000 ರೂಪಾಯಿ. ಮನೆಯ ಡಬ್ಬದಲ್ಲಿ ಇದ್ದದ್ದು 500 ರೂಪಾಯಿ, ಅದೂ ಆ ತಿಂಗಳ ಕರೆಂಟ್ ಬಿಲ್ಲಿಗೆ ಬೇಕಾಗಿತ್ತು.

ಆ ದಿನ ಸಂಜೆ ಅಮ್ಮಿ ಬುರ್ಖಾ ಹಾಕಿಕೊಂಡು ಎರಡು ವೈರ್ ಬ್ಯಾಗ್‌ಗಳಲ್ಲಿ ಸಮೋಸ ತುಂಬಿ ನಡೆದುಕೊಂಡು ಹೊರಟರು. ನಾನು ಹೋಗುತ್ತೇನೆ ಎಂದರೆ, "ನಕ್ಕೊ ಬೇಟಾ, ನಾಳೆ ಪರೀಕ್ಷೆ ಇದೆ, ಓದು" ಎಂದರು. ಆರು ಅಂಗಡಿ, ಹೋಗಿ ಬರುವುದು ಆರು ಕಿಲೋಮೀಟರ್. ವಾಪಸ್ ಬಂದಾಗ ಇಶಾ ಅಜಾನ್ ಆಗಿತ್ತು. ಅಂಗೈಯಲ್ಲಿ ಬ್ಯಾಗಿನ ಗೆರೆ ಕೆಂಪಗೆ ಬಿದ್ದಿತ್ತು. ರಂಜಾನ್‌ನಲ್ಲಿ ಇಫ್ತಾರಿಗೆ ನಮ್ಮ ಸಮೋಸ 150ರಿಂದ 400ಕ್ಕೆ ಏರುತ್ತದೆ. ಆ ಒಂದು ತಿಂಗಳ ದುಡ್ಡಿನಿಂದಲೇ ನನ್ನ ಮತ್ತು ತಮ್ಮನ ಮುಂದಿನ ವರ್ಷದ ಫೀಸ್ ಕಟ್ಟುವುದು. 400 ಸಮೋಸವನ್ನು ರೋಜಾ ಇಟ್ಟುಕೊಂಡು ಕೈಯಲ್ಲಿ ಹೊತ್ತು ನಡೆಯಲು ಆಗುವುದಿಲ್ಲ.

ಮರುದಿನ ಅಕೌಂಟೆನ್ಸಿ ಪೇಪರ್. ಓದಲು ಕುಳಿತೆ. ಪುಸ್ತಕ ತೆರೆದರೆ ಸವಕಳಿ ಅಧ್ಯಾಯ. ಯಂತ್ರ ದಿನದಿನ ಬಳಕೆಯಾಗುತ್ತ ಬೆಲೆ ಕಳೆದುಕೊಳ್ಳುತ್ತದೆ, ಆ ನಷ್ಟವನ್ನು ಪ್ರತಿ ವರ್ಷ ಖರ್ಚು ಎಂದೇ ಬರೆಯಬೇಕು, ಇಲ್ಲದಿದ್ದರೆ ಲಾಭ ಸುಳ್ಳಾಗುತ್ತದೆ. ಇದೇ ಪಾಠದ ಟೆಸ್ಟ್‌ನಲ್ಲಿ ನಾನು 20ಕ್ಕೆ 19 ತೆಗೆದಿದ್ದೆ. ಮೇಡಂ ಎಲ್ಲರ ಮುಂದೆ ನನ್ನ ಪೇಪರ್ ತೋರಿಸಿದ್ದರು. ಪುಸ್ತಕದ ಯಂತ್ರಕ್ಕೆಲ್ಲ ಸವಕಳಿ ಹಾಕಿದ್ದೆ, ಮೆಟ್ಟಿಲ ಕೆಳಗೆ ನಿಂತಿದ್ದ ಯಂತ್ರಕ್ಕೆ ಹಾಕಿರಲಿಲ್ಲ.

ನೋಟ್‌ಬುಕ್ ತೆಗೆದು ಮತ್ತೆ ಲೆಕ್ಕ ಮಾಡಿದೆ. ಬ್ಯಾಟರಿ ಬೆಲೆ 13,500, ಗುಜರಿ ಬೆಲೆ 1,500, ಬಾಳಿಕೆ ಎರಡು ವರ್ಷ ಎಂದು ಹಿಡಿದರೆ ತಿಂಗಳಿಗೆ 500 ರೂಪಾಯಿ ಸವೆಯುತ್ತದೆ. ಅಂದರೆ ನಮ್ಮ ನಿಜವಾದ ಉಳಿತಾಯ 1,100 ಅಲ್ಲ, 600. ಹತ್ತು ತಿಂಗಳ 11,000ದಲ್ಲಿ 5,000 ಬ್ಯಾಟರಿಯದು. ಅದನ್ನು ನಾನು ಲಾಭ ಎಂದು ಹೆಸರಿಟ್ಟು ಜೇಬಿನಲ್ಲಿ ಇಟ್ಟುಕೊಂಡು ತಿರುಗುತ್ತಿದ್ದೆ. ಅದರ ಮೇಲೆ ಗಾಡಿ ತಂದಾಗಲೇ ಬ್ಯಾಟರಿ ಒಂದು ವರ್ಷ ಹಳೆಯದು ಎಂದು ಮಾರಿದವರು ಹೇಳಿದ್ದರು. ನಾವು ಕೇಳಿಸಿಕೊಂಡಿದ್ದೆವು, ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ರಾತ್ರಿ ಅಬ್ಬಾನಿಗೆ ಇದನ್ನು ತೋರಿಸಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು, "ಗೂಡಿನ ರೇಟ್ ಒಂದನ್ನೇ ನೋಡಿ ಖರೀದಿ ಮಾಡುವ ರೀಲರ್ ಉಳಿಯುವುದಿಲ್ಲ ಬೇಟಾ. ಸೌದೆ, ಕೂಲಿ, ಕರೆಂಟ್, ಕೆಟ್ಟ ಗೂಡು ಎಲ್ಲ ಸೇರಿಸಿದ ಮೇಲೆ ನೂಲಿನ ಲೆಕ್ಕ" ಎಂದರು. ಗೊತ್ತಿದ್ದರೆ ಆ ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ನೀನು ಓದಿದವನು. ನೋಟ್‌ಬುಕ್‌ನಲ್ಲಿ ಬರೆದು ತಂದಿದ್ದೆ. ಸರಿ ಇರುತ್ತದೆ ಎಂದುಕೊಂಡೆ" ಎಂದರು. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು.

ಪರೀಕ್ಷೆ ಮುಗಿದ ದಿನ ಫೋನ್ ಮಾರಿದೆ. ಒಂದೇ ತಿಂಗಳಿಗೆ ಅದರ ಬೆಲೆ 6,500 ಆಗಿತ್ತು. ಅದೂ ಸವಕಳಿಯೇ! ಅಮ್ಮಿ ಬೇಡ ಎಂದರು, ನಾನು ಕೇಳಲಿಲ್ಲ. ಅಬ್ಬಾ ಯೂನಿಟ್‌ನಲ್ಲಿ 3,500 ಅಡ್ವಾನ್ಸ್ ತೆಗೆದುಕೊಂಡರು. ಟೀ ಅಂಗಡಿಯ ಅಣ್ಣ ಒಬ್ಬರು ರಂಜಾನ್ ಸಮೋಸಕ್ಕೆಂದು 2,000 ಮುಂಗಡ ಕೊಟ್ಟರು. ಚಾಂದ್ ಕಾಣುವ ಎರಡು ದಿನ ಮುಂಚೆ ಹೊಸ ಬ್ಯಾಟರಿ ಸೆಟ್ ಬಂತು. ಅಷ್ಟು ದಿನ ಅಮ್ಮಿ ನಡೆದರು.

ಸವಕಳಿ ಎಂದರೇನು ಎಂದು ಅಮ್ಮಿ ಕೇಳಿದರು. ಉರ್ದುವಿನಲ್ಲಿ ಯಾವ ಪದ ಹೇಳಬೇಕೆಂದು ಯೋಚಿಸಿ "ಘಿಸಾಯಿ" ಎಂದೆ, ಚಪ್ಪಲಿ ಸವೆಯುತ್ತದಲ್ಲ ಹಾಗೆ. ಅಮ್ಮಿಗೆ ತಕ್ಷಣ ಅರ್ಥವಾಯಿತು. "ನನ್ನ ಕಡಾಯಿಯೂ ಸವೆಯುತ್ತದೆ, ಅದನ್ನೂ ಬರಿ" ಎಂದರು. ಈಗ ನನ್ನ ನೋಟ್‌ಬುಕ್‌ನಲ್ಲಿ ಕಡಾಯಿಗೂ ಒಂದು ಸಾಲು ಇದೆ.

ಈಗ ನಾನು ದ್ವಿತೀಯ ಪಿಯುಸಿ. ಪ್ರತಿ ಭಾನುವಾರ 120 ರೂಪಾಯಿ ಬ್ಯಾಟರಿ ಡಬ್ಬಕ್ಕೆ ಬೀಳುತ್ತದೆ. ಮೂವತ್ತು ವಾರ ಆಯಿತು, 3,600 ರೂಪಾಯಿ ಇದೆ. ಒಮ್ಮೆ ಗ್ಯಾಸ್‌ಗೆ ಅಮ್ಮಿ 200 ತೆಗೆದುಕೊಂಡರು, ನನ್ನಿಂದ ಬರೆಸಿದರು, ಮುಂದಿನ ವಾರ ವಾಪಸ್ ಹಾಕಿದರು. ಗಾಡಿಯನ್ನೂ ಈಗ ಬೇರೆ ರೀತಿ ನೋಡಿಕೊಳ್ಳುತ್ತೇವೆ. ಪೂರ್ತಿ ಖಾಲಿಯಾಗುವವರೆಗೆ ಓಡಿಸುವುದಿಲ್ಲ. ಬಂದ ಕೂಡಲೇ ಪ್ಲಗ್ ಹಾಕದೆ ಸ್ವಲ್ಪ ಹೊತ್ತು ತಣ್ಣಗಾಗಲು ಬಿಡುತ್ತೇವೆ. ಊರಿಗೆ ಹೋದಾಗ ಚಾರ್ಜ್ ಇಲ್ಲದೆ ವಾರಗಟ್ಟಲೆ ನಿಲ್ಲಿಸುವುದಿಲ್ಲ. ಟೈರಿನ ಗಾಳಿ ಪ್ರತಿ ಶುಕ್ರವಾರ ನೋಡುತ್ತೇನೆ. ರಾತ್ರಿ ಕರೆಂಟ್ ಹೋದರೆ ಮಾತ್ರ ಏನೂ ಮಾಡಲಾಗುವುದಿಲ್ಲ, ಅವತ್ತು ಅಬ್ಬಾ ನಡೆಯುತ್ತಾರೆ, ನಾನು ಬಸ್ಸು.

ನಿಮ್ಮಲ್ಲಿ ಕೆಲವರು ಇಂಥ ಗಾಡಿ ತೆಗೆದುಕೊಳ್ಳುವ ಯೋಚನೆಯಲ್ಲಿದ್ದೀರಿ, ನನ್ನನ್ನು ಕೇಳಿದ್ದೀರಿ. ತೆಗೆದುಕೊಳ್ಳಿ, ಒಳ್ಳೆಯ ಗಾಡಿ. ಆದರೆ ಬಣ್ಣ, ಡಿಸ್‌ಪ್ಲೇ ನೋಡುವ ಮೊದಲು ಬ್ಯಾಟರಿ ಯಾವುದು, ಎಷ್ಟು ಹಳೆಯದು, ಹೊಸ ಸೆಟ್‌ಗೆ ಎಷ್ಟು ಎಂದು ಕೇಳಿ. ಮೊದಲ ದಿನದಿಂದಲೇ ಒಂದು ಡಬ್ಬ ಇಡಿ. ನನ್ನ ನೋಟ್‌ಬುಕ್ ಬೇಕಾದವರು ಬೇವಿನ ಮರದ ಹತ್ತಿರ ಬನ್ನಿ, ತೋರಿಸುತ್ತೇನೆ. ಫೋನ್ ಮಾಡಿದರೆ ಸರಿಯಾಗಿ ಕೇಳಿಸುವುದಿಲ್ಲ, ಸ್ಕ್ರೀನ್ ಒಡೆದ ಹಳೆಯ ಫೋನೇ ಈಗಲೂ ನನ್ನ ಹತ್ತಿರ ಇರುವುದು.